ತಾವರೆ ಪೈಸೆಯ ಉಂಗುರ

ಹಿತ್ತಾಳೆಯ ಇಪ್ಪತ್ತು ಪೈಸೆ ನಾಣ್ಯ ನಮ್ಮ ದೇಶದಲ್ಲಿ ತಯಾರಾದದ್ದು ನಾಲ್ಕೇ ವರ್ಷ. ಒಂದು ಮಗ್ಗುಲಿಗೆ ಅರಳಿದ ತಾವರೆ. ಅದರಲ್ಲಿ ಬಂಗಾರ ಬೆರೆಸಿದ್ದಾರೆಂಬ ಸುದ್ದಿ ಹಬ್ಬಿ ಜನ ಬಚ್ಚಿಟ್ಟರು, ಕರಗಿಸಿದರು, ಬಡಿದು ಉಂಗುರ ಮಾಡಿಕೊಂಡರು. ದೇವದುರ್ಗದಲ್ಲಿ ಗಣಿತ ಹೇಳಿಕೊಡುವ ಮೇಷ್ಟ್ರು ನಾನು. ಈ ನಾಣ್ಯದ ಹುಚ್ಚು ಹಳೆಯದು. ನಾಲ್ಕೂ ವರ್ಷದವು ಸಿಕ್ಕಿದ್ದವು, ಉಂಗುರವಾದದ್ದನ್ನು ಮಾತ್ರ ಕಂಡಿರಲಿಲ್ಲ.

ಮಾನ್ವಿಯಲ್ಲಿ ಪಾತ್ರೆ ಅಂಗಡಿ ನಡೆಸುವ ಒಬ್ಬ ವಯಸ್ಸಾದ ಹೆಂಗಸಿನ ಹತ್ತಿರ ಅಂಥದೊಂದಿದೆ ಎಂದು ತಿಳಿದು, ಕಳೆದ ಬೇಸಿಗೆಯಲ್ಲಿ ಹೋದೆ. ಅವರು ಉಂಗುರವನ್ನು ನನ್ನ ಅಂಗೈಗೆ ಹಾಕಿದರು.

"ನಿಕಾಹ್ ಆದ ವರ್ಷ ನಮ್ಮ ಯಜಮಾನ್ರು ಕೈಯಾರೆ ಬಡಿದಿದ್ರಿ. ಈಗ ಅವರಿಲ್ಲ. ನೋಡ್ರಿ, ಆದ್ರ ಮಾರಾಕಲ್ಲ."

ಚಹಾ ತರಲು ಅವರು ಒಳಗೆ ಹೋದರು. ಆಗ ನಾನು ಮಾಡಿದ್ದು ಇಂದಿಗೂ ನಾಚಿಕೆ ತರಿಸುತ್ತದೆ. ಕೇಳದೆ ಉಂಗುರವನ್ನು ಬಲಗೈ ಬೆರಳಿಗೆ ತೂರಿಸಿದೆ. ಗೆಣ್ಣು ದಾಟಿ ಕೂತದ್ದು ಮರಳಿ ಬರಲಿಲ್ಲ. ಎಳೆದಷ್ಟೂ ಬೆರಳು ಊದಿತು.

ಅವರು ಬಂದಾಗ ಆ ಕೈಯನ್ನು ಒಂದು ಕೊಡದ ಹಿಂದೆ ಇಟ್ಟುಕೊಂಡೆ.

"ಎಡಗೈಲಿ ಚಾ ಕುಡೀತೀರೇನ್ರಿ, ಸರ?"

ಹೂಂ ಅಂದೆ. ಗಿರಾಕಿಗಳು ಬಂದರು, ಹೋದರು. ನನ್ನ ಬಸ್ಸೂ ಹೋಯಿತು. ಏಳುವಂತಿಲ್ಲ, ಕೂರುವಂತಿಲ್ಲ. ಎದ್ದರೆ ಕಳ್ಳನಾಗುತ್ತೇನೆ. ಬೆರಳೊಳಗೆ ನಾಡಿ ಬಡಿಯುತ್ತಿತ್ತು. ಕೊನೆಗೆ ಅವರೇ ಕೈ ಚಾಚಿದರು. "ಉಂಗುರ ಕೊಡ್ರಿ, ಒಳಗಿಡ್ತೀನಿ."

ನಾನು ಕೈ ಮೇಲೆತ್ತಿ ತೋರಿಸಿದೆ.

ಅವರು ಬೈಯಲಿಲ್ಲ. ಸಾಬೂನು ಹಚ್ಚಿದರು, ಕೊಬ್ಬರಿ ಎಣ್ಣೆ ಹಚ್ಚಿದರು, ದಾರ ಸುತ್ತಿ ಎಳೆದರು. ಬೆರಳು ನೇರಳೆ ಬಣ್ಣಕ್ಕೆ ತಿರುಗಿತು. ನನ್ನನ್ನು ಎಬ್ಬಿಸಿಕೊಂಡು ಎರಡು ಅಂಗಡಿಯಾಚೆ ಆಭರಣ ಮಾಡುವ ಪತ್ತಾರರ ಬಳಿ ಕರೆದೊಯ್ದರು.

"ಕತ್ತರಿಸಬೇಕ್ರಿ," ಎಂದರು ಪತ್ತಾರರು.

"ಬ್ಯಾಡ್ರಿ. ರಾಯಚೂರಿಗೆ ಹೋಗ್ತೀನಿ, ದೊಡ್ಡ ದವಾಖಾನಿಯೊಳಗ ಏನಾರ ಮಾಡ್ತಾರ," ಎಂದೆ. ನಾಣ್ಯಕ್ಕೆ ಗರಗಸ ಬೀಳುವುದನ್ನು ನೋಡಲಾಗುತ್ತಿರಲಿಲ್ಲ. ಅದು ನನ್ನದೂ ಅಲ್ಲ.

"ಅಲ್ಲಿತನಕ ಬೆರಳು ಉಳೀತದೇನು?" ಅಂದರು ಆ ಹೆಂಗಸು. ಪತ್ತಾರರ ಕಡೆ ತಿರುಗಿ, "ಕತ್ತರಸಪಾ," ಅಂದರು.

ಸಣ್ಣ ಗರಗಸ ತಾವರೆಯ ಎಸಳುಗಳನ್ನು ದಾಟಿ ಇಳಿಯಿತು. ಪತ್ತಾರರು ಎರಡು ತುದಿ ಅಗಲಿಸಿ ತೆಗೆದು, ಕತ್ತರಿಸಿದ ಜಾಗವನ್ನು ಬೆಳಕಿಗೆ ಹಿಡಿದು, "ಬಂಗಾರ ಇಲ್ಲ ಯವ್ವಾ. ಬರೇ ಹಿತ್ತಾಳಿ," ಎಂದರು.

"ಗೊತ್ತದ. ಹಿತ್ತಾಳಿ ಮಾರೋರಿಗೆ ಹಿತ್ತಾಳಿ ತಿಳಿಯಂಗಿಲ್ಲೇನು? ಬಂಗಾರದ್ದು ಅಂತ ಯಜಮಾನ್ರಂದ್ರು, ಹೌದು ಅಂತ ನಾನಂದೆ. ಅವರು ಸಾಯೋತನಕ ಇಬ್ರೂ ಹಂಗೇ ಅಂದ್ವಿ."

ಅವರು ಸೆರಗಿನಿಂದ ಉಂಗುರದ ಎಣ್ಣೆ ಒರೆಸಿ, ಬಾಯ್ದೆರೆದ ಅದನ್ನು ತಮ್ಮ ದಪ್ಪ ಬೆರಳಿಗೆ ಏರಿಸಿ, ತುದಿಗಳನ್ನು ಹಲ್ಲಿನಿಂದ ಒತ್ತಿಕೊಂಡರು. ಕ್ಷಮೆ ಕೇಳಬೇಕೆಂದು ಬಾಯಿ ತೆರೆದೆ.

"ದೇವದುರ್ಗದ ಬಸ್ಸು ಇನ್ನೊಂದದ. ಹೋಗ್ರಿ," ಎಂದರು.

ಬೆರಳು ವಾರದಲ್ಲಿ ಸರಿಹೋಯಿತು. ಆಮೇಲೆ ಎರಡು ಸಲ ಮಾನ್ವಿಗೆ ಹೋಗಿದ್ದೇನೆ. ಎರಡೂ ಸಲ ಆ ಬೀದಿ ಬಿಟ್ಟು ಸುತ್ತುದಾರಿಯಲ್ಲಿ ನಡೆದೆ.