ಸಗಟು ಮಳಿಗೆಯ ಬಾಗಿನ

ನನ್ನಣ್ಣನದು ಮಧುಗಿರಿಯಲ್ಲಿ ಪಂಪ್‌ಸೆಟ್ ಮೋಟಾರ್ ರಿಪೇರಿ ಅಂಗಡಿ. ಅಂಗಡಿಗೆ ಲೈಸೆನ್ಸ್ ಇದೆ ಅನ್ನುವ ಒಂದೇ ಆಧಾರದ ಮೇಲೆ ತುಮಕೂರಿನ ಹೆದ್ದಾರಿ ಪಕ್ಕದ ದೊಡ್ಡ ಸಗಟು ಮಳಿಗೆಯವರು ಅವನಿಗೂ ಒಂದು ಮೆಂಬರ್ ಕಾರ್ಡ್ ಕೊಟ್ಟುಬಿಟ್ಟರು. ವ್ಯಾಪಾರಸ್ಥರಿಗೆ ಮಾತ್ರ ಕೊಡುವ ಕಾರ್ಡಂತೆ. ತಾಮ್ರದ ತಂತಿ ಸುತ್ತುವವನಿಗೆ ಮೂಟೆ ಸಕ್ಕರೆ ಯಾಕೆ ಅಂತ ಅಲ್ಲಿ ಯಾರೂ ಕೇಳಲಿಲ್ಲ. ಕಾರ್ಡನ್ನು ಅವನು ಷರ್ಟಿನ ಜೇಬಿನಲ್ಲಿ ಎಲ್ಲರಿಗೂ ಕಾಣುವ ಹಾಗೆ ಇಟ್ಟುಕೊಂಡು ಓಡಾಡುತ್ತಿದ್ದ.

ನಾನೂ ಒಮ್ಮೆ ಅವನ ಜೊತೆ ಹೋಗಿದ್ದೆ. ಸುಳ್ಳು ಯಾಕೆ ಹೇಳಲಿ, ಎಣ್ಣೆ, ಬೇಳೆ, ಸೋಪಿನ ಪುಡಿ ಎಲ್ಲವೂ ನನ್ನ ಗಂಡನ ಊರು ಗೌಡಗೆರೆಯ ಅಂಗಡಿಗಿಂತ ಅಗ್ಗ. ಸರಕೂ ಚೊಕ್ಕಟ. ಮದುವೆ, ನಾಮಕರಣ ಅಂತ ನೂರಾರು ಎಲೆ ಹಾಕುವವರಿಗೆ ಹೇಳಿ ಮಾಡಿಸಿದ ಜಾಗ. ಆದರೆ ಒಂದು ಟೂತ್‌ಪೇಸ್ಟ್ ಬೇಕೆಂದರೆ ಡಜನ್ ಹೊರಬೇಕು. ಅಗ್ಗ ಅಂತ ಬೇಡದ್ದೂ ಗಾಡಿಗೆ ಬಂದು ಕೂರುತ್ತದೆ. ಅಣ್ಣನ ಮನೆಯಲ್ಲಿರುವುದು ಮೂರೇ ಜನ. ರವೆಗೆ ಹುಳ ಬಿದ್ದರೆ ಉಳಿಸಿದ ದುಡ್ಡೆಲ್ಲ ಹಸುವಿನ ಕಲಗಚ್ಚಿಗೆ. ನಮ್ಮ ಬೀದಿಯ ಅಂಗಡಿಯವನು ಕಾಲು ಕೆಜಿ ತೂಗಿದರೂ ಮೇಲೊಂದು ಹಿಡಿ ಕೊಸರು ಹಾಕುತ್ತಾನೆ. ಅಲ್ಲಿ ಅದನ್ನೆಲ್ಲ ಯಾರನ್ನು ಕೇಳುವುದು? ಅತ್ತಿಗೆಯಂತೂ ಫೋನಿನಲ್ಲಿ ಗೋಳಾಡುತ್ತಿದ್ದರು: "ಮಂಚದ ಕೆಳ್ಗೆ ಸೋಪು, ದೇವ್ರ ಗೂಡಿನ ಪಕ್ಕ ಫಿನಾಯಿಲು. ಕಾಲು ಚಾಚಾಕೂ ಜಾಗ ಇಲ್ಲ ಕಣಮ್ಮ, ನಿಮ್ಮಣ್ಣಂಗೆ ನೀನಾದ್ರೂ ಹೇಳು." ನಾನು ನಕ್ಕು ಸುಮ್ಮನಾಗುತ್ತಿದ್ದೆ.

ಅಮ್ಮನ ವರ್ಷದ ಕಾರ್ಯ ಮುಗಿದ ಮೇಲೆ ಮೊದಲ ಗೌರಿ ಹಬ್ಬ ಬಂತು. ಅತ್ತಿಗೆ ತಮ್ಮ ತವರಿಗೆ ಹೋಗಿದ್ದರು. ನನಗೆ ಬಾಗಿನ ಬರುತ್ತದೋ ಇಲ್ಲವೋ ಅಂದುಕೊಳ್ಳುತ್ತಿರುವಾಗಲೇ ಅಣ್ಣನ ಬೈಕು ಬಂದು ನಿಂತಿತು. ಹಿಂದೆ ಕಟ್ಟಿದ್ದ ರಟ್ಟಿನ ಪೆಟ್ಟಿಗೆಯಿಂದ ಜೋಡಿ ಮೊರ ತೆಗೆದು ನಡುಮನೆಯಲ್ಲಿಟ್ಟ. ಅತ್ತೆ, ವಾರಗಿತ್ತಿ, ಪಕ್ಕದ ಮನೆಯ ಹೆಂಗಸರು ಎಲ್ಲ ಸುತ್ತ ಸೇರಿದರು. ತವರಿನ ಮೊರ ಅಂದರೆ ಸುಮ್ಮನೆಯೇ? ಅದರಲ್ಲೇನಿದೆ ಅಂತ ನೋಡಿ ಸೊಸೆಗೆ ಬೆಲೆ ಕಟ್ಟುವವರು ನಮ್ಮಲ್ಲಿ ಇನ್ನೂ ಇದ್ದಾರೆ.

ವಾರಗಿತ್ತಿ ಮೇಲಿನ ಮೊರ ಸರಿಸಿದಳು. ಬಳೆ, ಬಿಚ್ಚೋಲೆ, ಅರಿಸಿನ, ಕುಂಕುಮ ಸರಿಯಾಗೇ ಇದ್ದವು. ಬಾಚಣಿಗೆ ಎತ್ತಿ ತಿರುಗಿಸಿದವಳು ಕಿಸಕ್ಕನೆ ನಕ್ಕಳು.

"ಇಲ್ನೋಡಕ್ಕ, ಶಾಂಪೂ ಜೊತೆ ಫ್ರೀ ಅಂತೆ! ಕನ್ನಡಿ ಮ್ಯಾಲೂ ಫ್ರೀ ಅಂತ ಚೀಟಿ. ಬ್ಯಾಳೆ ಪಾಕೀಟಿಗೂ ಒಂದು ತಗಂಡ್ರೆ ಒಂದು ಪುಕ್ಕಟೆ. ನಿಮ್ ತವ್ರಿನೋರು ಗೌರಮ್ಮಂಗೂ ಆಫರ್ ಕೊಟ್ಟವ್ರೆ ಕಣಕ್ಕ!"

ಎಲ್ಲರೂ ಗೊಳ್ಳೆಂದರು. ಅತ್ತೆ ಸೆರಗು ಬಾಯಿಗೆ ಅಡ್ಡ ಹಿಡಿದರು. ಏನಾಯಿತೆಂದು ತಿಳಿಯದೆ ಅಣ್ಣನೂ ಅವರ ಜೊತೆ ಹಲ್ಲುಬಿಟ್ಟ. ನನಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ಮೊರವನ್ನು ಎತ್ತಿಕೊಂಡು, ಅವನನ್ನು ಹಿತ್ತಲಿಗೆ ಕರೆದೆ. ನನ್ನ ಬಾಯಿ ಮೊದಲೇ ಜೋರು.

"ಏನಣ್ಣ ಇದು? ಪುಕ್ಕಟೆ ಸಿಕ್ಕಿದ್ದ ಕಟ್ಕಂಡು ಬಂದು ನನ್ ಮರ್ವಾದೆ ತೆಗ್ದಲ್ಲ! ಕೊಡಾಕಾಗದಿದ್ರೆ ಸುಮ್ಕಿರ್ಬೇಕಿತ್ತು. ನಿನ್ನ ಯಾರು ಕೇಳಿದ್ರು?"

ಅವನು ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂತು, ತೊಟ್ಟಿಯ ನೀರಿನಲ್ಲಿ ಬೆರಳದ್ದಿ, ಬಾಚಣಿಗೆಗೆ ಅಂಟಿದ್ದ ಚೀಟಿಯನ್ನು ಹೆಬ್ಬೆರಳಿನ ಉಗುರಿನಿಂದ ಕೆರೆಯತೊಡಗಿದ. ಆಮೇಲೆ ಕನ್ನಡಿಯದು. ತಲೆ ಎತ್ತದೆಯೇ ಹೇಳಿದ.

"ಅಮ್ಮ ಇದ್ದಾಗ ಮೊರ ತುಂಬ ತುಂಬ್ತಿದ್ಲು. ಒಳಗೆ ಏನೇನು ಇಡ್ತಿದ್ಲು ಅಂತ ನಾನು ಯಾವತ್ತೂ ನೋಡ್ಲೇ ಇಲ್ಲ ಕಣಮ್ಮ. ಕಟ್ಟಿದ್ದ ತಂದು ಕೊಡ್ತಿದ್ದೆ ಅಷ್ಟೇಯ. ಆ ದೊಡ್ಡ ಮಳಿಗೇಲಾದ್ರೆ ಎಲ್ಲಾ ಒಂದೇ ಕಡೆ ಸಿಗ್ತದೆ, ಜಾಸ್ತಿನೂ ಬತ್ತದೆ ಅಂತ ಹೋದೆ. ಅಮ್ಮ ಇಲ್ಲ ಅಂತ ನಿನ್ ಮೊರ ಬರಿದಾಗಿ ಕಾಣ್ಬಾರ್ದಲ್ಲ. ಚೀಟಿ ನೋಡ್ಲಿಲ್ಲ."

ನಡುಮನೆಯಲ್ಲಿ ಆದ ನಾಚಿಕೆ ಈ ನಾಚಿಕೆಯ ಮುಂದೆ ಯಾವ ಲೆಕ್ಕ? ಒಳಗೆ ನಕ್ಕವರಿಗೆ ಒಂದು ಮಾತು ಹೇಳಲಾಗದವಳು ಇವನ ಮೇಲೆ ಹರಿಹಾಯ್ದಿದ್ದೆ. "ಬುಡಣ್ಣ, ನಾನೇ ಕೀಳ್ತೀನಿ" ಅಂತ ಕೈ ಚಾಚಿದೆ. ಅವನು ಕೊಡಲಿಲ್ಲ. ಬೇಳೆ ಪಾಕೀಟಿನ ಚೀಟಿಯನ್ನೂ ಕಿತ್ತು, ಅಂಟನ್ನು ಕರ್ಚೀಪಿನಿಂದ ಒರೆಸಿ, ಎಲ್ಲವನ್ನೂ ಮತ್ತೆ ಮೊರದಲ್ಲಿ ಜೋಡಿಸಿ, ಮೇಲೆ ಇನ್ನೊಂದು ಮೊರ ಮುಚ್ಚಿ ನನ್ನ ಕೈಗಿಟ್ಟ.

"ಈಗ ಒಳಕ್ಕೆ ತಗಂಡೋಗಮ್ಮ," ಅಂದ. "ಇನ್ನು ಯಾರೂ ನಗಾಕಿಲ್ಲ."