ಮನೆಗೆ ಬಂದ ಕ್ಯಾರೆಟ್

ಬೀದಿಯ ತಿರುವಿನಲ್ಲಿ ತರಕಾರಿ ಮಾರುವವನಿಗೆ ಗಿರಾಕಿಗಳು ಇಟ್ಟ ಹೆಸರು ಮೈಕು. ಅವನು ಬಾಯಿ ತೆರೆದರೆ ಆ ತುದಿಯ ಮನೆಯಲ್ಲಿ ಮಲಗಿದ್ದವರೂ ಎದ್ದು ಕೂರಬೇಕು. "ಕಣ್ಣಿಗೆ ಕ್ಯಾರೆಟ್, ರಕ್ತಕ್ಕೆ ಸೊಪ್ಪು! ಮಕ್ಕಳಿಗೆ ತಿನ್ನಿಸಿ ಅಕ್ಕಾ, ಡಾಕ್ಟರ ಮುಖಾನೇ ಮರೆತುಬಿಡ್ತೀರಿ!" ಎಂದು ಅವನು ಕೂಗಿದರೆ, ಸುಮ್ಮನೆ ಹಾದುಹೋಗುತ್ತಿದ್ದವರೂ ಒಂದು ಕಟ್ಟು ಸೊಪ್ಪು ಹಿಡಿದೇ ಮನೆ ಸೇರುತ್ತಿದ್ದರು.

ಇಂಥ ಮಹಾರಾಯನ ಮಗಳು ತರಕಾರಿ ಎಂದರೆ ಮಾರು ದೂರ. ಹಸಿರು, ಕೆಂಪು ಏನು ಕಂಡರೂ ಹೆಕ್ಕಿ ತಟ್ಟೆಯ ಅಂಚಿಗೆ ಸಾಲಾಗಿ ಕೂರಿಸುತ್ತಿದ್ದಳು. ಹೆಂಡತಿ ತುರಿದಳು, ಅರೆದಳು, ಅನ್ನದೊಳಗೆ ಬಚ್ಚಿಟ್ಟಳು. ಜಪ್ಪಯ್ಯ ಎಂದರೂ ಹುಡುಗಿ ಬಾಯಿ ಬಿಡಲಿಲ್ಲ. ದೊಡ್ಡವಳಾದರೆ ಸರಿಹೋಗುತ್ತಾಳೆ ಎಂದು ಇಬ್ಬರೂ ಸುಮ್ಮನಿದ್ದರು. ಆದರೆ ಮಬ್ಬುಗತ್ತಲಾದರೆ ಸಾಕು, ಮಗು ಮನೆಯ ಹೊಸಿಲನ್ನೇ ಎಡವತೊಡಗಿತು.

ಡಾಕ್ಟರಮ್ಮ ಕಣ್ಣು ನೋಡಿ, "ಎ ವಿಟಮಿನ್ ಕಮ್ಮಿಯಾಗಿದೆ. ಈಗ ಔಷಧಿ ಕೊಡ್ತೀನಿ, ಸರಿಹೋಗುತ್ತೆ. ಮತ್ತೆ ಹೀಗಾಗಬಾರದು ಅಂದ್ರೆ ಊಟದಲ್ಲೇ ಸೇರಬೇಕು. ಕ್ಯಾರೆಟ್, ಸೊಪ್ಪು, ಕುಂಬಳಕಾಯಿ, ಮೊಟ್ಟೆ... ಅಂದ ಹಾಗೆ, ನೀವೇನು ಕೆಲಸ ಮಾಡೋದು?" ಎಂದರು.

"ತರಕಾರಿ ವ್ಯಾಪಾರ," ಎಂದು ಮೈಕು ಪಿಸುಗುಟ್ಟಿದ. ಅವನ ಗಂಟಲಲ್ಲಿ ಪಿಸುದನಿಯೂ ಇದೆ ಎಂದು ಹೆಂಡತಿಗೆ ಅಂದೇ ಗೊತ್ತಾದದ್ದು.

ಔಷಧಿಯೇನೋ ಕೆಲಸ ಮಾಡಿತು, ತಟ್ಟೆಯ ಅಂಚು ಮಾತ್ರ ಖಾಲಿಯಾಗಲಿಲ್ಲ. ಮೈಕುವಿಗೆ ಭಯ ಹಿಡಿಯಿತು. ಶಾಲೆಗೆ ರಜೆ ಇದ್ದ ದಿನ, ನಾಲ್ಕು ಮಕ್ಕಳು ತರಕಾರಿ ಒಯ್ಯುವುದನ್ನು ನೋಡಿಯಾದರೂ ಬುದ್ಧಿ ಬರಲಿ ಎಂದು ಮಗಳನ್ನು ಅಂಗಡಿಗೆ ಕರೆತಂದ. ಅವನು ಬೀನ್ಸ್ ತೂಗುತ್ತಿದ್ದಾಗ ಹಿಂದಿನಿಂದ ಕಟುಮ್ ಎಂದು ಸದ್ದಾಯಿತು. ತಿರುಗಿದರೆ, ಮಗಳ ಕೈಯಲ್ಲಿ ಅರ್ಧ ಕ್ಯಾರೆಟ್! ಮಾತಾಡಿದರೆ ಎಲ್ಲಿ ಉಗುಳಿಬಿಡುತ್ತಾಳೋ ಎಂದು ಅವನು ಉಸಿರು ಬಿಗಿಹಿಡಿದ.

"ಅಪ್ಪಾ, ಇದು ಸಿಹಿಯಾಗಿದೆ! ನಮ್ಮನೆ ಕ್ಯಾರೆಟ್ ಯಾಕೆ ಹೀಗಿರಲ್ಲ?"

ಅವನು ತಕ್ಕಡಿ ಕೆಳಗಿಟ್ಟು ಮಗಳ ಕೈಯ ಕ್ಯಾರೆಟ್ಟನ್ನೇ ನೋಡಿದ. ಒಳ್ಳೆಯದು ಗಿರಾಕಿಗೆ, ಸಂಜೆ ಉಳಿದದ್ದು ಮನೆಗೆ. ಅವನಪ್ಪನ ಕಾಲದಿಂದಲೂ ಅಂಗಡಿ ನಡೆದದ್ದು ಹಾಗೆಯೇ. ಮಗಳು ಹುಟ್ಟಿದಾಗಿನಿಂದ ಕಂಡದ್ದು ಬಾಡಿದ ಸೊಪ್ಪು, ಎಷ್ಟು ಬಗ್ಗಿಸಿದರೂ ಮುರಿಯದ ಕ್ಯಾರೆಟ್. ಅದನ್ನು ಅವನಾದರೂ ತಿನ್ನುತ್ತಿದ್ದನೇ?

ಮರುದಿನ ಬೆಳಿಗ್ಗೆ ಮೂಟೆ ಬಿಚ್ಚಿದವನೇ ಎಳೆಯ ಕ್ಯಾರೆಟ್, ನಳನಳಿಸುವ ಸೊಪ್ಪು ಆರಿಸಿ ಒಂದು ಚೀಲಕ್ಕೆ ಹಾಕಿದ. ಮೊದಲು ಬಂದ ಟೀಚರಮ್ಮ ನೇರ ಆ ಚೀಲಕ್ಕೇ ಕೈಹಾಕಿದರು.

"ಅದು ಮಾರಾಟಕ್ಕಿಲ್ಲ ಅಕ್ಕಾ," ಎಂದು ಮೈಕು ಬೀದಿಗೆಲ್ಲ ಕೇಳುವಂತೆ ಹೇಳಿದ. "ನಮ್ಮನೇಲಿ ಒಬ್ಬಳು ಗಿರಾಕಿ ಇದ್ದಾಳೆ. ಬಾಡಿದ್ದು ಕೊಟ್ರೆ ಮುಟ್ಟಲ್ಲ."