ಹದಿನೈದಾಣೆಯ ನೆಲ

ತೊಂಬತ್ತರ ದಶಕದ ನಡುವಿನಲ್ಲಿ ದೋಹಾದ ಒಂದು ಸಂಶೋಧನಾ ಯೋಜನೆಯಲ್ಲಿ ನಾನು ಟೈಪಿಸ್ಟ್ ಆಗಿದ್ದೆ. ಯೋಜನೆಗೆ ಮೂವರು ಪ್ರೊಫೆಸರುಗಳು. ಒಬ್ಬರು ಕಂಪ್ಯೂಟರಿನವರು, ಒಬ್ಬರು ಕಲ್ಲಿನವರು, ಒಬ್ಬರು ಮ್ಯಾನೇಜ್‌ಮೆಂಟಿನವರು. ಕಂಪ್ಯೂಟರಿನವರಿಗೆ ಕಲ್ಲು ಗೊತ್ತಿಲ್ಲ, ಕಲ್ಲಿನವರಿಗೆ ಕಂಪ್ಯೂಟರ್ ಗೊತ್ತಿಲ್ಲ, ಮ್ಯಾನೇಜ್‌ಮೆಂಟಿನವರಿಗೆ ಎರಡೂ ಗೊತ್ತಿಲ್ಲ, ಆದ್ದರಿಂದ ಅವರೇ ಮುಖ್ಯಸ್ಥರು. ಮೂವರಿಗೂ ಗೊತ್ತಿಲ್ಲದ್ದು ಗೊತ್ತಿದ್ದವನು ವಿಜಾಪುರದ ಕಡೆಯ ಒಬ್ಬ ಡ್ರಿಲ್ಲರ್. ಅವನಿಗೆ ಕನ್ನಡ, ಒಂದಿಷ್ಟು ಹಿಂದಿ, ಯಲ್ಲಾ, ಖಲಾಸ್ ಎಂಬ ಎರಡು ಅರಬಿ ಮಾತು ಬಿಟ್ಟರೆ ಬೇರೆ ಭಾಷೆ ಬಾರದು. ನಾನು ಪುತ್ತೂರಿನ ಕಡೆಯವನು, ಮನೆಯಲ್ಲಿ ಬ್ಯಾರಿ ಮಾತು, ಶಾಲೆಯಲ್ಲಿ ಕಲಿತ ಕನ್ನಡ. ಹಾಗಾಗಿ ದುಭಾಷಿಯ ಕೆಲಸವೂ ನನ್ನ ಕುತ್ತಿಗೆಗೇ ಬಿತ್ತು.

ಕತಾರಿನ ನೆಲ ಮೇಲೆ ನೋಡಲು ಗಟ್ಟಿ. ಅಡಿಯಲ್ಲಿರುವುದು ಸುಣ್ಣಕಲ್ಲು, ಕೆಲವು ಕಡೆ ಬರೀ ಟೊಳ್ಳು. ಡ್ರಿಲ್ ಕೂರಿಸಿದ ಲಾರಿ ಅಂಥ ಕಡೆ ನಿಂತರೆ ನೆಲ ಕುಸಿದು ಲಾರಿಯೇ ಒಳಗೆ ಹೋಗುತ್ತದೆ. ನಮ್ಮ ಡ್ರಿಲ್ಲರ್ ಚಪ್ಪಲಿ ಕಳಚಿ ಹಿಮ್ಮಡಿಯಿಂದ ಎರಡು ಸಲ ನೆಲ ಗುದ್ದುತ್ತಿದ್ದ, ತಲೆ ವಾರೆ ಮಾಡಿ ಸದ್ದು ಕೇಳುತ್ತಿದ್ದ, ಚಿಟಿಕೆ ಕಲ್ಲಿನ ಪುಡಿ ನಾಲಿಗೆಗೆ ಹಚ್ಚಿಕೊಳ್ಳುತ್ತಿದ್ದ. ಆಮೇಲೆ "ಇಲ್ಲಿ ಹೂಡ್ರಿ" ಅಥವಾ "ಇಲ್ಲಿ ಬ್ಯಾಡ್ರಿ". ಅವನ ಮಾತು ತಪ್ಪಿದ್ದನ್ನು ಕಲ್ಲಿನವರು ಒಮ್ಮೆಯೂ ಕಂಡಿರಲಿಲ್ಲ. ಇಷ್ಟು ಓದಿಕೊಂಡ ಮನುಷ್ಯನಿಗೆ ಅದು ಸಹಿಸಲಾಗದ ವಿಷಯ.

ಯೋಜನೆ ಏನೆಂದರೆ, ಈ ವಿದ್ಯೆಯನ್ನೆಲ್ಲ ಅವನ ತಲೆಯಿಂದ ಕಂಪ್ಯೂಟರಿಗೆ ಸಾಗಿಸುವುದು. ಯಂತ್ರಕ್ಕೂ ಬುದ್ಧಿ ಕೊಡಬಹುದು, ಅದಕ್ಕೆ 'ಹೀಗಿದ್ದರೆ ಹೀಗೆ' ಎಂಬ ನಿಯಮಗಳು ಸಾಕು ಎನ್ನುತ್ತಿದ್ದರು ಕಂಪ್ಯೂಟರಿನವರು. ನಾನು ಕೇಳಬೇಕು, ಅವನು ಹೇಳಬೇಕು, ನಾನು ಟೈಪ್ ಮಾಡಬೇಕು. ಆರು ತಿಂಗಳು ಬೆಳಿಗ್ಗೆಯೆಲ್ಲ ಇದೇ ಕೆಲಸ. ಹಿಮ್ಮಡಿ ಎಷ್ಟು ಅಗಲ? ಸದ್ದು ಯಾವ ಕಿವಿಗೆ ಮೊದಲು ಬರುತ್ತದೆ? ಟೊಳ್ಳು ನೆಲದ ಪುಡಿಯ ರುಚಿ ಹೇಗೆ? "ಹಸಿ ಗ್ವಾಡಿ ನೆಕ್ಕಿದಂಗ ಇರ್ತೈತ್ರಿ" ಎಂದ ಡ್ರಿಲ್ಲರ್. ಭಾರತದಲ್ಲಿ ಜನ ಗೋಡೆ ನೆಕ್ಕುತ್ತಾರೆಯೇ ಎಂದು ಕಂಪ್ಯೂಟರಿನವರು ನನ್ನನ್ನು ಕೇಳಿದರು. ಕೆಲವು ಜಿಲ್ಲೆಗಳಲ್ಲಿ ಎಂದೆ. ಅವರು ಕಾರಿಡಾರಿಗೆ ಹೋಗಿ, ಗೋಡೆಗೆ ನೀರು ಚಿಮುಕಿಸಿ, ತಾವೇ ನೆಕ್ಕಿ, "ಸ್ವಲ್ಪ ಸಿಹಿ" ಎಂದು ಬರೆಸಿದರು. ಅದು ಪೇಂಟಿನ ರುಚಿ ಎಂದು ಹೇಳುವ ಅಧಿಕಾರ ಟೈಪಿಸ್ಟ್‌ಗೆ ಇರಲಿಲ್ಲ.

ಮ್ಯಾನೇಜ್‌ಮೆಂಟಿನವರ ಅಧ್ಯಾಯವನ್ನು ಟೈಪ್ ಮಾಡಿದವನೂ ನಾನೇ. ಯಂತ್ರ ಪರೀಕ್ಷೆಯಲ್ಲಿ ಗೆದ್ದರೆ ಡ್ರಿಲ್ಲರ್ ಹುದ್ದೆ ಅನಗತ್ಯ, ಕಾಂಟ್ರಾಕ್ಟ್ ಮುಂದುವರಿಸಬೇಕಿಲ್ಲ ಎಂದಿತ್ತು. ಅದೇ ಪುಟದ ಕೆಳಗೆ, ನಿಯಮಗಳನ್ನು ದಾಖಲಿಸಿದ ಟೈಪಿಸ್ಟ್‌ಗೆ ಮೇಲಿನ ಗ್ರೇಡ್ ಕೊಡಬಹುದು ಎಂದೂ ಇತ್ತು. ಆ ಗ್ರೇಡ್ ಸಿಕ್ಕರೆ ನನಗೆ ಫ್ಯಾಮಿಲಿ ವೀಸಾ. ಮದುವೆಯಾಗಿ ನಾಲ್ಕು ವರ್ಷ, ಹೆಂಡತಿಯ ಜೊತೆ ಇದ್ದದ್ದು ಎರಡು ರಜೆ ಮಾತ್ರ. ದೋಹಾದ ಮದೀನತ್ ಖಲೀಫಾ ಬಡಾವಣೆಯ ಒಂದು ವಿಲ್ಲಾದ ಹಿಂದಿನ ಕೋಣೆಯನ್ನು ಆಗಲೇ ನೋಡಿಟ್ಟಿದ್ದೆ, ಪರದೆಯ ಬಣ್ಣವನ್ನೂ ಮನಸ್ಸಿನಲ್ಲೇ ಆರಿಸಿದ್ದೆ. ಯಂತ್ರ ಗೆದ್ದರೆ ನನ್ನ ಹೆಂಡತಿ ಬರುತ್ತಾಳೆ, ಅವನು ಹೋಗುತ್ತಾನೆ. ಇದು ನನಗೆ ಗೊತ್ತಿತ್ತು, ಅವನಿಗೆ ಗೊತ್ತಿರಲಿಲ್ಲ.

ಪ್ರತಿ ನಿಯಮಕ್ಕೂ ಒಂದು ಕೊನೆಯ ಪ್ರಶ್ನೆ ಇರುತ್ತಿತ್ತು: ಇದು ಎಷ್ಟು ಖಚಿತ? ಸೊನ್ನೆಯಿಂದ ಒಂದರೊಳಗೆ ಹೇಳಬೇಕು. ಡ್ರಿಲ್ಲರ್‌ಗೆ ದಶಮಾಂಶ ಒಗ್ಗಲಿಲ್ಲ. "ರೂಪಾಯಿಗೆ ಹದಿನೈದಾಣಿ ಖರೆ ಐತ್ರಿ" ಎನ್ನುತ್ತಿದ್ದ. ನಾನು ಹದಿನೈದನ್ನು ಹದಿನಾರರಿಂದ ಭಾಗಿಸಿ ಬರೆಯುತ್ತಿದ್ದೆ. ಎಲ್ಲದಕ್ಕೂ ಹದಿನೈದಾಣೆಯೇ. ಸೂರ್ಯ ಪೂರ್ವದಲ್ಲಿ ಹುಟ್ಟುತ್ತಾನಾ ಎಂದು ಒಮ್ಮೆ ತಮಾಷೆಗೆ ಕೇಳಿದೆ. ಅದಕ್ಕೂ ಹದಿನೈದಾಣೆ.

ನಿಯಮ ತುಂಬಿಸಿ ಯಂತ್ರ ಓಡಿಸಿದರೆ ಎಲ್ಲಿ ಕೇಳಿದರೂ ಒಂದೇ ಉತ್ತರ: ನಿರ್ಧರಿಸಲಾಗದು. ಮರುಭೂಮಿಯ ಬಂಡೆಗೂ ಅದೇ, ನಮ್ಮ ಪಾರ್ಕಿಂಗಿಗೂ ಅದೇ. ಮ್ಯಾನೇಜ್‌ಮೆಂಟಿನವರ ಸ್ವಂತ ವಿಲ್ಲಾದ ವಿವರ ಹಾಕಿದಾಗಲೂ ಅಡಿಯಲ್ಲಿ ನೆಲ ಇದೆಯೋ ಇಲ್ಲವೋ ಹೇಳಲಾಗದು ಎಂದಿತು. ಮರುದಿನದಿಂದ ಅವರು ಅಂಗಳದಲ್ಲಿ ಕಾರು ನಿಲ್ಲಿಸುವುದನ್ನು ಬಿಟ್ಟರು. ಕಂಪ್ಯೂಟರಿನವರು ಯಂತ್ರಕ್ಕೆ ಸೆಕೆಯಾಗಿರಬಹುದೆಂದು ಎಸಿ ಜೋರು ಮಾಡಿಸಿದರು. ನಮಗೆಲ್ಲ ನೆಗಡಿ ಬಂತು, ಯಂತ್ರಕ್ಕೆ ಬುದ್ಧಿ ಬರಲಿಲ್ಲ.

ಗುಟ್ಟು ಸಿಕ್ಕಿದ್ದು ನನಗೆ. ಒಂದು ತೀರ್ಮಾನಕ್ಕೆ ಯಂತ್ರ ಹನ್ನೊಂದು ನಿಯಮ ದಾಟಬೇಕು, ಪ್ರತಿ ಸಲವೂ ಖಚಿತತೆಯನ್ನು ಗುಣಿಸುತ್ತಾ ಹೋಗುತ್ತದೆ. ಹನ್ನೊಂದು ಹದಿನೈದಾಣೆಗಳನ್ನು ಗುಣಿಸಿದರೆ ಎಂಟಾಣೆಗಿಂತ ಕೆಳಗೆ ಇಳಿಯುತ್ತದೆ. ಅರ್ಧಕ್ಕಿಂತ ಕಡಿಮೆಯಾದರೆ ಯಂತ್ರ ಕೈ ಚೆಲ್ಲುತ್ತದೆ.

"ಮಾರಾಯ, ಒಮ್ಮೆ ಹದಿನಾರಾಣೆ ಅಂತ ಹೇಳಿಬಿಡು" ಎಂದೆ.

"ಹಂಗ ನಮ್ಮಪ್ಪನೂ ಅಂದಿಲ್ರಿ. ಒಂದಾಣಿ ಮ್ಯಾಲಿನವಗ ಬಿಡಬೇಕು. ನೆಲದ ಹೊಟ್ಟ್ಯಾಗ ಏನೈತಿ ಅಂತ ಪೂರಾ ಯಾರಿಗ್ಗೊತ್ತರಿ?"

ಮಾತುಮಾತಿಗೆ ಇನ್ಶಾ ಅಲ್ಲಾಹ್ ಎನ್ನುವ ನನಗೆ ಇದು ಅರ್ಥವಾಗದ್ದೇನಲ್ಲ. ಆದರೂ ಸಿಟ್ಟು ಬಂತು. ಅವನ ದೇವರ ಒಂದಾಣೆ ನನ್ನ ಹೆಂಡತಿಯ ವೀಸಾಕ್ಕೆ ಅಡ್ಡ ಕೂತಿತ್ತು. ಎಲ್ಲರೂ ಊಟಕ್ಕೆ ಹೋದ ಹೊತ್ತಿನಲ್ಲಿ ಹದಿನೈದಾಣೆಗಳನ್ನೆಲ್ಲ ಅಳಿಸಿ ಒಂದು, ಒಂದು, ಒಂದು ಎಂದು ಹೊಡೆದೆ. ಊಟ ಮುಗಿಸಿ ಬಂದವರಿಗೆ ಯಂತ್ರ ಪಟಪಟ ಉತ್ತರ ಕೊಟ್ಟಿತು. ಎಸಿಯ ಮಹಿಮೆ ಎಂದರು ಕಂಪ್ಯೂಟರಿನವರು.

ಪರೀಕ್ಷೆ ನಡೆದದ್ದು ದುಖಾನ್ ರಸ್ತೆಯಿಂದ ಒಳಗೆ ಒಂದು ಬಯಲಿನಲ್ಲಿ. ಮಡಚುವ ಮೇಜಿನ ಮೇಲೆ ಕಂಪ್ಯೂಟರ್, ಪಕ್ಕದಲ್ಲಿ ಜನರೇಟರ್, ಸ್ಕ್ರೀನಿಗೆ ಬಿಸಿಲು ಬೀಳದಂತೆ ಕಲ್ಲಿನವರು ಕೊಡೆ ಹಿಡಿದಿದ್ದರು. ಸೂಟು ತೊಟ್ಟ ಅತಿಥಿಗಳು ಬೆವರುತ್ತಾ ಜ್ಯೂಸ್ ಕುಡಿಯುತ್ತಿದ್ದರು. ಯಂತ್ರ ಹೇಳಿತು: ನೆಲ ಗಟ್ಟಿ, ನೂರಕ್ಕೆ ನೂರು. ಚಪ್ಪಾಳೆ.

ಡ್ರಿಲ್ಲರ್ ಅಭ್ಯಾಸಬಲದಿಂದ ಚಪ್ಪಲಿ ಕಳಚಿ ಎರಡು ಸಲ ಗುದ್ದಿದ. ಪುಡಿ ನೆಕ್ಕಿದ. "ಇಲ್ಲಿ ಬ್ಯಾಡ್ರಿ" ಎಂದ.

"ಏನಂತೆ?" ಎಂದು ಮ್ಯಾನೇಜ್‌ಮೆಂಟಿನವರು ನನ್ನ ಕಡೆ ತಿರುಗಿದರು. ಎಲ್ಲರೂ ನನ್ನನ್ನೇ ನೋಡುತ್ತಿದ್ದರು.

"ಒಪ್ಪಿದ್ದಾನೆ" ಎಂದೆ ಇಂಗ್ಲಿಷಿನಲ್ಲಿ. ಇಷ್ಟು ವರ್ಷಗಳಾದರೂ ಆ ಒಂದು ಮಾತು ನೆನಪಾದರೆ ನನಗೆ ಹೇಸಿಗೆಯಾಗುತ್ತದೆ.

ಅವನು ವಾದ ಮಾಡುತ್ತಾನೆ ಎಂದುಕೊಂಡಿದ್ದೆ. ಮಾಡಲಿಲ್ಲ. ಚಪ್ಪಾಳೆ ತಟ್ಟಿದವರನ್ನೆಲ್ಲ ಒಮ್ಮೆ ನೋಡಿ, "ಇಷ್ಟ ಮಂದಿ ಶಾಣ್ಯಾರು ಗಟ್ಟಿ ಅಂತಾರ. ನಾ ಬಿಟ್ಟ ಒಂದಾಣಿ ಇದ ಇರಬೇಕು ಬಿಡ್ರಿ" ಎಂದು ನಕ್ಕು ಲಾರಿ ಹತ್ತಿದ. ಎಂಜಿನ್ ಶುರುವಾಯಿತು, ಲಾರಿ ಅವನು ಗುದ್ದಿದ ಜಾಗದ ಕಡೆ ಹೊರಟಿತು. ನಾಲ್ಕು ಚಕ್ರದ ಮೇಲೆ ಅಷ್ಟು ತೂಕ, ಅದರೊಳಗೆ ಅವನು, ಅಡಿಯಲ್ಲಿ ಟೊಳ್ಳು. ಅದು ಟೊಳ್ಳೆಂದು ಅಲ್ಲಿ ಹದಿನಾರಾಣೆ ನಂಬಿದ್ದವನು ನಾನೊಬ್ಬನೇ.

ನಾನು ಓಡಿದೆ. "ಮಾಫಿ! ಮಾಫಿ! ಖಲಾಸ್!" ಎಂದು, ಇಲ್ಲ, ಸಾಕು ಎನ್ನಲು ಗೊತ್ತಿದ್ದ ಅರಬಿಯನ್ನೆಲ್ಲ ಕೂಗುತ್ತಾ ಲಾರಿಯ ಮುಂದೆ ಕೈ ಬೀಸಿದೆ. ಕೊನೆಗೆ ಕನ್ನಡದಲ್ಲಿ "ನಾನು ಸುಳ್ಳು ಹೇಳಿದ್ದು, ಇಳಿ!" ಎಂದೆ. ಅವನು ಬ್ರೇಕ್ ಒತ್ತಿದ, ಇಳಿದ. ಅಷ್ಟರಲ್ಲಿ ಮುಂದಿನ ಎಡಚಕ್ರ ನೆಲದೊಳಗೆ ನಿಧಾನವಾಗಿ ಹೂತುಹೋಯಿತು. ಅತಿಥಿಗಳು ಇದೂ ಕಾರ್ಯಕ್ರಮದ ಭಾಗವೆಂದು ಮತ್ತೊಮ್ಮೆ ಚಪ್ಪಾಳೆ ತಟ್ಟಿದರು.

ನಾನೇ ಅಂಕಿ ಬದಲಾಯಿಸಿದ್ದೆಂದು ಒಪ್ಪಿಕೊಂಡೆ. ಕಂಪ್ಯೂಟರಿನವರು ನಂಬಲಿಲ್ಲ. ಒಬ್ಬ ಟೈಪಿಸ್ಟ್‌ನಿಂದ ಇಂಥ ತಪ್ಪಾಗಲು ಸಾಧ್ಯವಿಲ್ಲ, ದೋಷ ಇನ್ನೂ ಆಳದಲ್ಲಿದೆ ಎಂದರು. ಹೆಚ್ಚಿನ ಸಂಶೋಧನೆ ಅಗತ್ಯ ಎಂದು ಮೂವರೂ ವರದಿಗೆ ಸಹಿ ಹಾಕಿದರು. ಹೆಚ್ಚಿನ ಸಂಶೋಧನೆಗೆ ಡ್ರಿಲ್ಲರ್ ಬೇಕು, ಆದ್ದರಿಂದ ಅವನ ಕಾಂಟ್ರಾಕ್ಟ್ ಮುಂದುವರಿಯಿತು. ಸೋತ ಯಂತ್ರದ ಟೈಪಿಸ್ಟ್‌ಗೆ ಗ್ರೇಡ್ ಇಲ್ಲ.

ಶುಕ್ರವಾರ ಜುಮ್ಮಾ ನಮಾಜು ಮುಗಿಸಿ ಊರಿಗೆ ಫೋನ್ ಮಾಡಿದೆ. ನಮ್ಮ ಮನೆಯಲ್ಲಿ ಫೋನಿರಲಿಲ್ಲ, ನೆರೆಮನೆಯವರು ಅವಳನ್ನು ಕರೆದರು. ವೀಸಾ ಈ ವರ್ಷ ಇಲ್ಲ ಎಂದೆ. ಯಾಕೆ ಎಂದು ಕೇಳಿದಳು. ಸುಳ್ಳು ಹೇಳಲು ಬಾಯಿ ತೆರೆದೆ, ಬರಲಿಲ್ಲ. ಎಲ್ಲವನ್ನೂ ಹೇಳಿಬಿಟ್ಟೆ. ಬೈಯಲಿ ಎಂದು ಕಾದೆ.

"ಆ ಡ್ರಿಲ್ಲರ್ ಅವರಿಗೆ ಹೆಂಡತಿ ಮಕ್ಕಳು ಉಂಟಾ?" ಎಂದು ಕೇಳಿದಳು.

"ನನಗೆ ಗೊತ್ತಿಲ್ಲ" ಎಂದೆ.

"ಆರು ತಿಂಗಳು ಎದುರು ಕೂತು ನೀವು ಮತ್ತೆ ಎಂತದ್ದು ಕೇಳಿದ್ದು?"